ಕಥೆಗಾರ ಬಾಯಿ ಬಿಡುವಂತಿಲ್ಲ

"ಶುಕ್ರವಾರ ಮೀನು ಮಾಡ್ತೀವಿ, ಬಾ. ನಿನ್ನ ಕಥೆ ಓದಿದ್ವಿ." ಅಕ್ಕ ಲವರ್ನ್ ಫೋನಿನಲ್ಲಿ ಹೇಳಿದ್ದು ಇಷ್ಟೇ. ಎರಡು ಮಾತಿನ ನಡುವೆ ಉಸಿರು ಕೂಡ ಎಳೆದುಕೊಳ್ಳಲಿಲ್ಲ, ಮೀನು ಎಷ್ಟೋ ಕಥೆಯೂ ಅಷ್ಟೇ ಅನ್ನುವ ಹಾಗೆ. ಅವತ್ತಿನಿಂದ ರೋಲಂಡ್ ಕ್ರಾಸ್ಕಾನಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಅರವತ್ತು ದಾಟಿದ ಗಂಡಸು. ಐದು ಕಥಾಸಂಕಲನ ಬರೆದವನು, ಈ ಚಳಿಗಾಲದಲ್ಲಷ್ಟೇ ಈ ದೇಶದ ಕಥೆಗಾರರೆಲ್ಲ ಒಳಗೊಳಗೇ ಬಾಯಲ್ಲಿ ನೀರೂರಿಸಿಕೊಳ್ಳುವ ಪ್ರಶಸ್ತಿ ಹೊಡೆದುಕೊಂಡವನು. ನ್ಯೂಯಾರ್ಕಿನ ಪತ್ರಿಕೆಗಳು ಅವನ ಸುಕ್ಕುಬಿದ್ದ ಮುಖವನ್ನು ಅರ್ಧ ಪುಟಕ್ಕೆ ಹಾಕಿದ್ದವು. ಅಂಥವನಿಗೆ ಈಗ ಅಕ್ಕನ ಒಂದು 'ಓದಿದ್ವಿ'ಗೆ ನಿದ್ದೆ ಹಾರಿಹೋಗಿತ್ತು. ಓದಿದ್ವಿ, ಸರಿ ತಾಯಿ, ಆಮೇಲೆ? ಚೆನ್ನಾಗಿತ್ತೋ ಇಲ್ಲವೋ? ಇಷ್ಟು ವರ್ಷದಲ್ಲಿ ಅವನ ಬರವಣಿಗೆಯ ಬಗ್ಗೆ ಅವಳ ಬಾಯಿಂದ ಒಂದು ಮಾತು ಉದುರಿದ್ದಿಲ್ಲ. ಚೆನ್ನಾಗಿಲ್ಲ ಅಂತಲೂ ಅಂದಿದ್ದಿಲ್ಲ, ಅದೇ ಕಷ್ಟ. ಬೈದಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಅವನು ಪ್ರತಿ ಸಲ ಹೊಸ ಪುಸ್ತಕ ಹಿಡಿದುಕೊಂಡು ಹೋಗುತ್ತಿದ್ದ, ಅವಳು ಕೈ ಒರೆಸಿಕೊಂಡು ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ನಡುಮನೆಯ ಗಾಜಿನ ಕಪಾಟಿನಲ್ಲಿ ತನ್ನ ಮದುವೆಗೆ ಬಂದ ಪಿಂಗಾಣಿ ತಟ್ಟೆಗಳ ಪಕ್ಕ ಇಡುತ್ತಿದ್ದಳು. ಒಮ್ಮೆ ಕ್ರಿಸ್‌ಮಸ್ಸಿಗೆ ಹೋದಾಗ ಯಾರೂ ಇಲ್ಲದ ಹೊತ್ತು ನೋಡಿ ಕಪಾಟು ತೆರೆದು ತನ್ನ ಮೂರನೆಯ ಪುಸ್ತಕವನ್ನು ಬಿಚ್ಚಿದ್ದ. ಬೆನ್ನು ಲಟಕ್ಕೆಂದಿತು. ಹೊಸ ಪುಸ್ತಕ ಮೊದಲ ಸಲ ಬಿಚ್ಚಿದಾಗ ಬರುವ ಸದ್ದು. ಕೊಟ್ಟು ನಾಲ್ಕು ವರ್ಷವಾಗಿತ್ತು. ಕಳ್ಳನ ಹಾಗೆ ಮತ್ತೆ ಒಳಗಿಟ್ಟು, ಹೋಗಿ ಎಲ್ಲರ ಜೊತೆ ಕೂತು ಹಂದಿ ಮಾಂಸ ತಿಂದ. ಏನೂ ರುಚಿಸಲಿಲ್ಲ.

ಮಧ್ಯಾಹ್ನ ಕಾಲೇಜಿನಲ್ಲಿ ತಾನು ನಡೆಸುವ ಕಥೆಯ ಕಮ್ಮಟ ಮುಗಿಸಿ ಹಾಗೇ ಕಾರು ಹತ್ತಿದ್ದ. ಮಾರ್ಚ್ ತಿಂಗಳ ವಿಸ್ಕಾನ್ಸಿನ್. ಹೊಲದ ಅಂಚಿನಲ್ಲಿ ಕರಗಲಾರದೆ ಕೊಳೆಯಾಗಿ ಕೂತ ಹಿಮ, ದನದ ಮೇವು ತುಂಬಿಡುವ ಗೋಪುರಗಳು, ಪ್ರತಿ ಊರಿನ ಬಾಯಲ್ಲೂ ಒಂದು ಇಗರ್ಜಿ, ಒಂದು ಬಾರು. ಈಸ್ಟರಿಗೆ ಮುಂಚಿನ ಈ ಶುಕ್ರವಾರಗಳಲ್ಲಿ ಇಲ್ಲಿಯವರು ಮಾಂಸ ಮುಟ್ಟುವುದಿಲ್ಲ, ಉಪವಾಸ ಅಂತ ಹೇಳಿಕೊಂಡು ಮೂಗಿನ ಮಟ್ಟ ಮೀನು ತಿನ್ನುತ್ತಾರೆ. ಕಮ್ಮಟದಲ್ಲಿ ಇವತ್ತು ಒಬ್ಬ ಹುಡುಗಿಯ ಕಥೆಯ ಸರದಿ. ನಿಯಮ ಅವನು ಕಲಿತ ದಿನದಿಂದ ಒಂದೇ: ಎಲ್ಲರೂ ಕಥೆಯ ಬಗ್ಗೆ ಮಾತಾಡಬೇಕು, ಬರೆದವರು ಅಲ್ಲೇ ಕೂತಿರಬೇಕು, ಆದರೆ ಬಾಯಿ ಬಿಡುವಂತಿಲ್ಲ. ತಾವು ಆ ಕೋಣೆಯಲ್ಲಿ ಇಲ್ಲವೇ ಇಲ್ಲ ಅಂತ ತಿಳಿದು ಬರೆದುಕೊಳ್ಳುತ್ತಾ ಹೋಗಬೇಕು. ಕೊನೆಯಲ್ಲಿ 'ಈಗ ಮಾತಾಡಬಹುದು' ಅಂದಾಗ ತಿಳಿದವರು ಥ್ಯಾಂಕ್ಸ್ ಅಂತ ಒಂದು ಮಾತು ಹೇಳಿ ಸುಮ್ಮನಾಗುತ್ತಾರೆ. ಆ ಹುಡುಗಿಯ ಕಿವಿ ಕೆಂಪಾಗುವುದನ್ನು ನೋಡುತ್ತಾ ರೋಲಂಡನಿಗೆ ತನ್ನ ಇಪ್ಪತ್ತಮೂರನೆಯ ವಯಸ್ಸು ನೆನಪಾಯಿತು. ಚೀಸ್ ಕಾರ್ಖಾನೆಯ ಶೀತಲಗೃಹದಲ್ಲಿ ಪೆಟ್ಟಿಗೆ ಹೊರುತ್ತಾ ಉಳಿಸಿದ್ದನ್ನೆಲ್ಲ ಸುರಿದು ಸೇರಿಕೊಂಡ ಕಮ್ಮಟ. ಮೊದಲ ಕಥೆಯನ್ನು ಮುಂದಿಟ್ಟುಕೊಂಡು ಹನ್ನೊಂದು ಜನ ಹರಿದು ತಿಂದರು. ಒಬ್ಬಳು, 'ಈ ಮನುಷ್ಯ ಯಾವತ್ತಾದರೂ ಯಾರ ಜೊತೆಗಾದರೂ ಮಾತಾಡಿದ್ದಾನಾ?' ಅಂತ ಕೇಳಿದ್ದಳು. ಪೆನ್ಸಿಲ್ ಒತ್ತಿ ಕಾಗದ ತೂತಾಗಿತ್ತು. ಆದರೆ, ಹೇಳಿಬಿಡಬೇಕು, ಆ ನಿಯಮ ಅವನಿಗೆ ಒಗ್ಗಿಹೋಯಿತು. ಬಾಯಿ ಬಿಡುವಂತಿಲ್ಲ ಅನ್ನುವುದಕ್ಕಿಂತ ದೊಡ್ಡ ರಿಯಾಯಿತಿ ಅವನಂಥವನಿಗೆ ಇನ್ನೇನಿದೆ? ಆವತ್ತು ಹೊಕ್ಕ ಮೌನದಿಂದ ಅವನು ಹೊರಗೆ ಬಂದೇ ಇಲ್ಲ ಅಂದರೂ ನಡೆಯುತ್ತದೆ.

ಜನ ಅವನನ್ನು ಮೆಚ್ಚಿದ್ದೂ ಅದಕ್ಕೇ. ಮೊದಲ ಸಂಕಲನ ಬಂದಾಗ ಪುಸ್ತಕದಂಗಡಿಗಳಲ್ಲಿ ಓದಲು ಕರೆದರೆ ಖಾಲಿ ಕುರ್ಚಿಗಳ ನಡುವೆ ಅಂಗಡಿಯವನ ತಾಯಿಯೊಬ್ಬಳೇ ಹೆಣಿಗೆ ಹೆಣೆಯುತ್ತಾ ಕೂತಿರುತ್ತಿದ್ದಳು. ಎರಡನೆಯದರ ಹೊತ್ತಿಗೆ ಯಾರೋ ವಿಮರ್ಶಕ, ಕ್ರಾಸ್ಕಾ ಕಥೆಯನ್ನು ಮುಗಿಸುವುದಿಲ್ಲ, ಬಾಗಿಲ ಹತ್ತಿರ ನಿಲ್ಲಿಸಿ ಹೊರಟುಬಿಡುತ್ತಾನೆ, ಒಳಗೆ ಹೋಗುವುದು ನಮ್ಮ ಕೆಲಸ ಅಂತ ಬರೆದ. ಅಲ್ಲಿಂದ ಹಿಡಿದುಕೊಂಡಿತು ನೋಡಿ. ಕೊನೆ ಹೇಳದ ಕಥೆಗೆಲ್ಲ ಅವನ ಹೆಸರು. ಅದರಲ್ಲೂ 'ಎಂಜಿನ್ ಆರಿದ ಮೇಲೆ' ಅನ್ನುವ ಕಥೆ ಶಾಲೆ ಕಾಲೇಜುಗಳ ಪಠ್ಯದಲ್ಲೆಲ್ಲ ಇದೆ. ಏನಿದೆ ಅದರಲ್ಲಿ? ಚಳಿಗಾಲದ ಸಂಜೆ, ಬಾರಿನ ಹಿಂದೆ ನಿಲ್ಲಿಸಿದ ಪಿಕಪ್ಪಿನಲ್ಲಿ ಕಂಬಳಿ ಹೊದ್ದ ಒಬ್ಬ ಚಿಕ್ಕ ಹುಡುಗ. ಅಪ್ಪ ಒಳಗೆ. ಬೆಚ್ಚಗಿರಲೆಂದು ಓಡುತ್ತಿದ್ದ ಎಂಜಿನ್ ಆರಿಹೋಗುತ್ತದೆ. ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಹುಡುಗ ಕಾಯುತ್ತಾನೆ. ಹಿಮದ ಮೇಲೆ ಹೆಜ್ಜೆಯ ಸದ್ದು ಕೇಳುತ್ತದೆ. ಕಥೆ ಮುಗಿಯಿತು. ಯಾರ ಹೆಜ್ಜೆ? ಅದರ ಮೇಲೆ ಎರಡು ಪ್ರಬಂಧ ಬರೆದು ಇಬ್ಬರು ಡಾಕ್ಟರೇಟ್ ಗಿಟ್ಟಿಸಿದ್ದಾರೆ. ಸಭೆಗಳಲ್ಲಿ ಯಾರಾದರೂ ಎದ್ದು, 'ಸರ್, ಆ ಹೆಜ್ಜೆ ಯಾರದು, ನಮಗಷ್ಟೇ ಹೇಳಿ' ಅಂತ ಕೇಳಿದರೆ ರೋಲಂಡ್ ಒಂದು ನಗು ನಗುತ್ತಾನೆ. ತಲೆಯನ್ನು ಸ್ವಲ್ಪ ಓರೆ ಮಾಡಿ, ಕಣ್ಣು ಕೆಳಗಿಟ್ಟು. ಸಭೆಯೂ ಆಹಾ ಅಂತ ನಗುತ್ತದೆ. ಆ ನಗುವಿನ ಮೇಲೆ ಒಂದು ಜೀವಮಾನ ಕಟ್ಟಿದ್ದಾನೆ. ನಿಜ ಏನೆಂದರೆ ಅವನಿಗೆ ಗೊತ್ತಿಲ್ಲ. ಮುಚ್ಚಿಟ್ಟದ್ದಲ್ಲ, ಕಲೆಯೂ ಅಲ್ಲ, ಮಣ್ಣೂ ಅಲ್ಲ. ಆ ಪಿಕಪ್ಪಿನಲ್ಲಿ ಕೂತಿದ್ದವನು ಅವನೇ, ಆರು ತುಂಬಿರಲಿಲ್ಲ, ಹೆಜ್ಜೆ ಸದ್ದಿನವರೆಗೆ ನೆನಪಿದೆ, ಆಮೇಲೆ ಒಂದು ಬಿಳಿ ಗೋಡೆ. ನೆನಪು ನಿಂತಲ್ಲಿ ಕಥೆಯನ್ನೂ ನಿಲ್ಲಿಸಿದ. ಜನ ಅದನ್ನು ಸಂಯಮ ಅಂದರು. ಇಲ್ಲ ಅನ್ನುವ ಧೈರ್ಯ ಇವನಿಗೆ ಬರಲಿಲ್ಲ, ಆಮೇಲೆ ಅದೇ ಅಭ್ಯಾಸವಾಯಿತು. ಪ್ರಶಸ್ತಿಯ ವೇದಿಕೆಯ ಮೇಲೆ ನಿಂತು ಆ ಭಾರದ ಗಾಜಿನ ಫಲಕ ಹಿಡಿದಾಗಲೂ ಅವನ ತಲೆಯಲ್ಲಿ ಓಡುತ್ತಿದ್ದದ್ದು ಇದೇ: ಇವರಿಗೆ ಗೊತ್ತಾದರೆ?

ಗ್ಯಾರೇಜಿನ ಬಾಗಿಲು ಪೂರ್ತಿ ಮೇಲಕ್ಕೆತ್ತಿ, ಬೇಟೆಗೆ ಹಾಕುವ ಕಿತ್ತಳೆ ಬಣ್ಣದ ಕೋಟು ತೊಟ್ಟುಕೊಂಡು ಭಾವ ನಾರ್ಬರ್ಟ್ ಎಣ್ಣೆ ಕಾಯಿಸುತ್ತಿದ್ದ. ಒಂದು ಕೈಯಲ್ಲಿ ಜಾಲರಿ, ಇನ್ನೊಂದರಲ್ಲಿ ಬಿಯರ್. ನಲ್ಲಿ ತಯಾರಿಸುವ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಮೀನು ಕರಿಯುವುದೇ ಅವನ ಉದ್ಯೋಗ.

"ಬಂದ್ಯೇನೋ ಪ್ರೊಫೆಸರ್! ದೊಡ್ಡ ಪುಸ್ತಕ ಯಾವಾಗ?"

ಇದನ್ನು ನಾರ್ಬ್ ಮೊದಲ ಸಂಕಲನದಿಂದಲೂ ಕೇಳುತ್ತಿದ್ದಾನೆ. ರೋಲಂಡ್ ದೊಡ್ಡ ಪುಸ್ತಕಕ್ಕೆ ಕೈ ಹಾಕಿಲ್ಲ ಅಂತಲ್ಲ. ಅರವತ್ತನೆಯ ಪುಟದ ಹೊತ್ತಿಗೆ ಅದರೊಳಗಿನ ಜನ ಹೇಳುವುದನ್ನೆಲ್ಲ ಹೇಳಿ ಮುಗಿಸಿ ಸುಮ್ಮನೆ ಕೂತುಬಿಡುತ್ತಿದ್ದರು.

"ಬರುತ್ತೆ ಬಿಡು ನಾರ್ಬ್."

"ಅಲ್ಲಾ ಮಾರಾಯ, ಈ ಸಣ್ಣಸಣ್ಣದಕ್ಕೇ ಇಷ್ಟು ಮರ್ಯಾದೆ ಮಾಡ್ತಾರೆ ಅಂದ್ರೆ, ದೊಡ್ಡದು ಬರೆದ್ರೆ ನಿನ್ನ ಹೆಸರಲ್ಲಿ ಒಂದು ಸೇತುವೆನಾದ್ರೂ ಕಟ್ಟಲ್ವಾ? ಹೋಗು ಒಳಗೆ, ನಿಮ್ಮಕ್ಕ ಕಾಯ್ತಿದ್ದಾಳೆ. ಬೂಟು ಬಾಗಿಲಲ್ಲೇ ಬಿಡು, ಇಲ್ದಿದ್ರೆ ನನ್ನನ್ನ ಬೈತಾಳೆ."

ಅಡುಗೆಮನೆಯ ಬಿಸಿ ಮುಖಕ್ಕೆ ಹೊಡೆಯಿತು. ಲವರ್ನ್ ಒಲೆಯ ಮುಂದೆ ಆಲೂಗಡ್ಡೆ ರೊಟ್ಟಿ ಮಗುಚುತ್ತಿದ್ದಳು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿಲ್ಲ. ತಿರುಗದೆಯೇ "ಬಂದ್ಯಾ, ಕೂತ್ಕೋ" ಅಂದಳು. ಅಪ್ಪಿಕೊಳ್ಳುವ ಮನೆತನವಲ್ಲ ಅವರದು. ಮೇಜಿನ ಹತ್ತಿರ ಪ್ರತಿ ಶುಕ್ರವಾರ ಇಸ್ಪೀಟಿಗೆ ಬರುವ ಇಬ್ಬರು ಆಗಲೇ ಬ್ರಾಂಡಿ ಹಿಡಿದು ಕೂತಿದ್ದರು: ಊರ ಲೈಬ್ರರಿಯಲ್ಲಿ ವಾರಕ್ಕೆರಡು ದಿನ ಬಿಟ್ಟಿ ಕೆಲಸ ಮಾಡುವ ವಿಧವೆ ಆರ್ಡಿಸ್, ಮತ್ತು ಜೀವನವೆಲ್ಲ ಶಾಲೆಯ ಬಸ್ಸು ಓಡಿಸಿದ ಯೂಜೀನ್. ರೋಲಂಡನನ್ನು ಶಾಲೆಗೆ ಕೊಂಡೊಯ್ದ ಬಸ್ಸೂ ಅವನದೇ. ಇಬ್ಬರೂ ಅವನನ್ನು ನೋಡಿದ ರೀತಿಯಲ್ಲಿ ಏನೋ ಇತ್ತು, ಡಾಕ್ಟರು ರಿಪೋರ್ಟು ಕೈಯಲ್ಲಿಟ್ಟುಕೊಂಡು ನೋಡುವ ಹಾಗೆ. ಮೀನು ಬಂತು. ಗರಿಗರಿಯಾದ ಪರ್ಚ್, ರೈ ಬ್ರೆಡ್ಡು, ಎಲೆಕೋಸಿನ ಸಲಾಡು, ರೊಟ್ಟಿಗೆ ಸೇಬಿನ ಗೊಜ್ಜು. ಅವರು ಹವಾಮಾನ ಮಾತಾಡಿದರು, ಫುಟ್‌ಬಾಲ್ ತಂಡವನ್ನು ಬೈದರು, ಹೊಸ ಪಾದ್ರಿಯ ಪ್ರವಚನ ಉದ್ದವಾಯಿತು ಅಂದರು. ಕಥೆಯ ಮಾತು ಯಾರೂ ಎತ್ತಲಿಲ್ಲ. ರೋಲಂಡನಿಗೆ ಪ್ರಾಣ ಹೋಗಿ ಪ್ರಾಣ ಬರುತ್ತಿತ್ತು. ಅಕ್ಕ ಅವನ ತಟ್ಟೆಗೆ ಕೇಳದೆಯೇ ಇನ್ನೆರಡು ತುಂಡು ಹಾಕಿದಳು, ಅವನು ಕೇಳದೆಯೇ ತಿಂದ. ಇಷ್ಟೆಲ್ಲಾ ಕಸಿವಿಸಿಯ ನಡುವೆಯೂ, ವಿಚಿತ್ರ ನೋಡಿ, ಇಲ್ಲಿ ಕೂತಾಗ ಆಗುವಷ್ಟು ಸುಖ ಅವನಿಗೆ ಬೇರೆಲ್ಲೂ ಆಗುವುದಿಲ್ಲ. ಎರಡು ಮದುವೆ ಮಾಡಿಕೊಂಡ, ಎರಡೂ ಮುರಿದುಬಿದ್ದವು, ಪ್ಯಾರಿಸ್ಸಿನಲ್ಲಿ ಒಂದು ವರ್ಷ ಇದ್ದ. ಈ ಅಂಟಂಟು ಮೇಜುಬಟ್ಟೆಯ ಮೇಲೆ ಮೊಣಕೈ ಊರಿದಾಗಲೇ ಅವನ ಭುಜ ಕೆಳಗಿಳಿಯುವುದು.

ತಟ್ಟೆ ಎತ್ತಿದ ಮೇಲೆ ಇಸ್ಪೀಟಿನ ಕಟ್ಟು ಬರಬೇಕಾಗಿತ್ತು. ಬರಲಿಲ್ಲ. ಆರ್ಡಿಸ್ ಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಲೈಬ್ರರಿಯ ಪ್ಲಾಸ್ಟಿಕ್ ಹೊದಿಕೆ ಹಾಕಿದ ಅವನ ಎರಡನೆಯ ಸಂಕಲನ, ನಡುನಡುವೆ ಗುರುತಿನ ಚೀಟಿಗಳು.

"ಇಸ್ಪೀಟು ಆಮೇಲೆ," ಅಂದಳು. "ಮೊದಲು ಇದು. 'ಎಂಜಿನ್ ಆರಿದ ಮೇಲೆ'. ಮೂರು ವಾರದಿಂದ ಇದೇ ಆಗಿದೆ ನಮ್ಮದು."

ಆಗ ರೋಲಂಡ್ ಮಾಡಿದ್ದು ಅವನಿಗೇ ಗೊತ್ತಾಗಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದ. ಕಾಗದದ ಕರವಸ್ತ್ರ ಒಂದನ್ನು ಮುಂದೆ ಹರಡಿಕೊಂಡ. ತಲೆ ತಗ್ಗಿಸಿದ. ಕಮ್ಮಟ ಶುರುವಾಗಿತ್ತು, ಅವನು ಆ ಕೋಣೆಯಲ್ಲಿ ಇರಲಿಲ್ಲ.

"ಮೊದಲನೇ ವಿಷಯ," ಯೂಜೀನ್ ಕನ್ನಡಕ ಏರಿಸಿಕೊಂಡ, "ಆ ಪಿಕಪ್‌ಗೆ ರೇಡಿಯೋ ಇತ್ತು ಅಂತ ಬರೆದಿದ್ದಾನೆ. ಅವರಪ್ಪ ಸ್ಟಾನ್‌ನ ಪಿಕಪ್‌ಗೆ ರೇಡಿಯೋ ಎಲ್ಲಿತ್ತು? ರೇಡಿಯೋ ಇದ್ದ ಜಾಗದಲ್ಲಿ ತೂತಿತ್ತು. ಅದರಲ್ಲಿ ಸಾಕ್ಸ್ ತುರುಕಿದ್ದ."

"ಅದು ಕಥೆ ಕಣೋ ಯೂಜೀನ್," ಅಂದಳು ಆರ್ಡಿಸ್.

"ಕಥೆ ಆದ್ರೇನು, ತೂತು ಚೆನ್ನಾಗಿತ್ತು ಅಂದೆ ಅಷ್ಟೆ."

ರೋಲಂಡ್ ಬರೆದುಕೊಂಡ: ತೂತು, ಸಾಕ್ಸ್. ಅಯ್ಯೋ, ಎಷ್ಟು ನಿಜ! ಹೇಗೆ ಮರೆತೆ?

"ನಾನು ಹೇಳೋದು ಕೇಳಿ," ನಾರ್ಬ್ ಬಾಗಿಲಲ್ಲಿ ಎಣ್ಣೆ ವಾಸನೆಯ ಜೊತೆಗೇ ಒಳಗೆ ಬಂದ. "ನಾನು ಓದಿದೆ. ಹೆಜ್ಜೆ ಸದ್ದು ಅಂತ ಇತ್ತು, ಪುಟ ತಿರುಗಿಸಿದೆ, ಬೇರೆ ಕಥೆ! ಯಾವನೋ ಪುಟ ಹರ್ಕೊಂಡು ಹೋಗಿದ್ದಾನೆ ಅಂತ ಲೈಬ್ರರಿಗೆ ಫೋನ್ ಮಾಡಿದೆ."

"ಮಾಡಿದ್ದ ಕಣೋ ರೋಲಿ," ಆರ್ಡಿಸ್ ಅಂದಳು. "ಫೋನ್ ಎತ್ತಿದ್ದು ನಾನೇ. ಇನ್ನೊಂದು ಪ್ರತಿ ತೆಗೆದು ನೋಡಿ, ಇಲ್ಲ ನಾರ್ಬ್, ಇರೋದೇ ಇಷ್ಟು ಅಂದೆ. ಅದಕ್ಕೂ ಇವನು, ಹಾಗಾದ್ರೆ ಕಂಪನಿಯವರಿಗೇ ದೂರು ಕೊಡ್ತೀನಿ ಅಂದ."

"ನಾನು ಇಂಟರ್ನೆಟ್ಟಲ್ಲಿ ನೋಡಿದೆ," ಯೂಜೀನ್ ಅಂದ. "ಒಬ್ಬ ಅಂತಾನೆ ಆ ಹೆಜ್ಜೆ ಸಾವಿಂದು ಅಂತ. ಇನ್ನೊಬ್ಬಳು ದೇವರದು ಅಂತಾಳೆ."

"ದೇವರು? ನಮ್ಮೂರ ಝಿಂಡಾರನ ಬಾರಿನ ಹಿತ್ತಲಲ್ಲಿ?" ಅಂದ ನಾರ್ಬ್.

"ಶುಕ್ರವಾರ ಅಲ್ವಾ, ಮೀನಿಗೆ ಬಂದಿರ್ತಾನೆ."

ಮೂವರೂ ಮೇಜು ಕುಟ್ಟಿ ನಕ್ಕರು. ಲವರ್ನ್ ನಗಲಿಲ್ಲ. ಕೈ ಒರೆಸಿಕೊಂಡು ಬಂದು ಅವನ ಎದುರಿಗೆ ಕೂತಳು. ಅವಳು ಕೂತದ್ದು ಗೊತ್ತಾಯಿತು, ಅವನು ತಲೆ ಎತ್ತಲಿಲ್ಲ. ಬರೆಯುತ್ತಲೇ ಇದ್ದ. ಸಾವು. ದೇವರು. ಮೀನು. ಆರ್ಡಿಸ್ ಅವನನ್ನೇ ನೇರವಾಗಿ ಕೇಳಿದಳು, ಅಪ್ಪನಾ ಬಂದಿದ್ದು? ಅವನು 'ಒಳ್ಳೆಯ ಪ್ರಶ್ನೆ' ಅನ್ನುವಂತೆ ಗಂಭೀರವಾಗಿ ತಲೆಯಾಡಿಸಿ ಅದನ್ನೂ ಬರೆದುಕೊಂಡ. ಯೂಜೀನ್ ಕೇಳಿದ. ಅದನ್ನೂ ಬರೆದುಕೊಂಡ.

"ಏನಾಯ್ತೇ ಇವನಿಗೆ?" ನಾರ್ಬ್ ಪಿಸುಗುಟ್ಟಿದ. "ಆರ್ಡಿಸ್, ಬಾಯಿ ಏನಾದ್ರೂ ಓರೆ ಆಗಿದೆಯಾ ನೋಡು. ನಮ್ಮ ಕಾರ್ಖಾನೇಲಿ ಒಬ್ಬನಿಗೆ ಲಕ್ವ ಹೀಗೇ ಶುರುವಾಗಿದ್ದು."

"ರೋಲಿ, ಎರಡೂ ಕೈ ಎತ್ತು. ಎತ್ತು ಅಂದೆ!" ಆರ್ಡಿಸ್ ಕೂಗಿದಳು.

ರೋಲಂಡ್ ಗಾಬರಿಯಾಗಿ ಎರಡೂ ಕೈ ಎತ್ತಿದ. ಒಂದರಲ್ಲಿ ಪೆನ್ಸಿಲ್, ಒಂದರಲ್ಲಿ ಕರವಸ್ತ್ರ. ದರೋಡೆಗೆ ಸಿಕ್ಕವನ ಹಾಗೆ ಕೂತುಕೊಂಡೇ, ನನಗೇನೂ ಆಗಿಲ್ಲ, ನಮ್ಮ ಕಮ್ಮಟದಲ್ಲಿ ಹೀಗೇ, ಕಥೆಗಾರ ಬಾಯಿ ಬಿಡುವಂತಿಲ್ಲ, ಅಭ್ಯಾಸಬಲ ಅಂತ ತೊದಲಿದ. ಕಿವಿ ಕೆಂಪಾಗಿ ಉರಿಯುತ್ತಿತ್ತು. ಇಡೀ ಅಮೆರಿಕದಲ್ಲಿ ಕಮ್ಮಟ ನಡೆಸುವವರೆಲ್ಲ ಪಾಲಿಸುವ ನಿಯಮ ಈ ಅಡುಗೆಮನೆಯಲ್ಲಿ ಹೇಳಿದರೆ ಎಷ್ಟು ಪೆದ್ದಾಗಿ ಕೇಳಿಸುತ್ತದೆ!

"ಇದು ಕಮ್ಮಟ ಅಲ್ಲ, ನನ್ನ ಅಡುಗೆಮನೆ," ಅಂದಳು ಲವರ್ನ್. "ಚಿಕ್ಕವನಿದ್ದಾಗ್ಲೂ ಹಿಂಗೇ. ಕೇಳಿದ್ರೆ ತಲೆ ತಗ್ಗಿಸಿ ನೆಲ ನೋಡೋದು. ಕೇಳಿದ್ದಕ್ಕೆ ಉತ್ತರ ಹೇಳು. ಯಾರು ಬಂದಿದ್ದು?"

ರೋಲಂಡ್ ತಲೆಯನ್ನು ಸ್ವಲ್ಪ ಓರೆ ಮಾಡಿ ನಕ್ಕ.

"ಆ ನಗು ಪೇಪರಿನವರಿಗೆ ಇಟ್ಕೋ."

ಅವನು ಅವಳ ಮುಖ ನೋಡಿದ. ಇವಳ ಮುಂದೆ ನಡೆಯುವುದಿಲ್ಲ, ಯಾವತ್ತೂ ನಡೆದಿಲ್ಲ. ಇವಳು ಅವನ ಹೇನು ತೆಗೆದವಳು, ಜ್ವರದಲ್ಲಿ ವಾಂತಿ ಬಳಿದವಳು. ಅಮ್ಮ ಸತ್ತಾಗ ಇವಳಿಗೆ ಹದಿನಾರು. ಆ ಶರತ್ಕಾಲದಿಂದ ಅವನ ಊಟ, ಬಟ್ಟೆ, ಬೈಗುಳ, ಎಲ್ಲ ಇವಳದೇ. ಐದು ಪುಸ್ತಕ ಬರೆದದ್ದು ಯಾರಿಗೆ ತೋರಿಸಲು ಅಂತ ಯಾರಾದರೂ ಕತ್ತಿನ ಪಟ್ಟಿ ಹಿಡಿದು ಕೇಳಿದರೆ, ಇವಳಿಗೆ ಅನ್ನುವುದು ಬಿಟ್ಟು ಇನ್ನೇನು ಹೇಳಲಿ ಅಂತ ಅವನಿಗೆ ಅನ್ನಿಸಿತು. ಇವಳಿಗೆ ಸುಳ್ಳು ಹೇಳಿ, ಆಮೇಲೆ ಇವಳಿಂದ ಚೆನ್ನಾಗಿದೆ ಅನ್ನಿಸಿಕೊಂಡು ಏನು ಉಪಯೋಗ?

"ಗೊತ್ತಿಲ್ಲ ವರ್ನ್," ಅಂದ. "ನೆನಪಿಲ್ಲ ನಂಗೆ. ಹೆಜ್ಜೆ ಸದ್ದು ಕೇಳಿಸ್ತು, ಅಲ್ಲಿಗೆ ನಿಂತುಹೋಗಿದೆ. ಅದಕ್ಕೇ ಕಥೇನೂ ಅಲ್ಲಿಗೇ ನಿಲ್ಲಿಸ್ದೆ. ಬೇಕು ಅಂತ ಮಾಡಿದ್ದಲ್ಲ. ಜನ ಏನೇನೋ ಅಂದ್ರು, ನಾನು ಸುಮ್ಮನಿದ್ದೆ."

ಹೇಳಿಬಿಟ್ಟ. ಭೂಮಿ ಬಾಯಿ ತೆರೆದು ತನ್ನನ್ನು ನುಂಗಬಹುದು, ಪ್ರಶಸ್ತಿಯವರು ಫೋನ್ ಮಾಡಬಹುದು ಅಂತ ಕಾದ. ಫ್ರಿಜ್ಜು ಗುಂಯ್‌ಗುಟ್ಟಿತು, ಅಷ್ಟೇ.

"ಬರೆದವನಿಗೇ ಗೊತ್ತಿಲ್ಲ!" ನಾರ್ಬ್ ತೊಡೆ ತಟ್ಟಿಕೊಂಡ. "ನೋಡಿದ್ಯಾ, ನಂದೇನೂ ತಪ್ಪಿಲ್ಲ!"

"ವರ್ನ್ ಮೊದಲ ವಾರವೇ ಹೇಳಿದ್ಲು," ಅಂದಳು ಆರ್ಡಿಸ್. "ಅವನೇನೂ ಮುಚ್ಚಿಡ್ತಿಲ್ಲ, ಪಾಪ, ಗೊತ್ತಿಲ್ಲ ಅವನಿಗೆ ಅಂತ. ಎಲ್ಲಾ ಓದ್ತಾಳೆ ನಿಮ್ಮಕ್ಕ. ನಿನ್ನ ಪುಸ್ತಕ ಲೈಬ್ರರಿಗೆ ಬಂದ್ರೆ ಮೊದಲು ತಗೊಂಡು ಹೋಗೋಳು ಇವಳೇ."

"ಲೈಬ್ರರಿಯಿಂದ? ನಾನು ಕೊಟ್ಟಿದ್ದು?"

"ಅದು ನೀನು ಸಹಿ ಮಾಡಿ ಕೊಟ್ಟಿದ್ದು," ಲವರ್ನ್ ಅಂದಳು, ದಡ್ಡನಿಗೆ ಹೇಳುವ ಹಾಗೆ. "ಅದನ್ನ ಯಾರಾದ್ರೂ ಅಡುಗೆಮನೆಗೆ ತರ್ತಾರಾ? ಎಣ್ಣೆ ಕೈ ಆಗಲ್ವಾ?"

ರೋಲಂಡನಿಗೆ ಒಮ್ಮೆಗೇ ನಗು ಬಂತು, ಅಳುವೂ ಬಂತು. ಎಷ್ಟು ವರ್ಷ ವೃಥಾ ಕೊರಗಿದೆನಪ್ಪಾ! ಬ್ರಾಂಡಿ ಒಂದು ಗುಟುಕು ಕುಡಿದು, ಈಗ ಹೇಗೂ ಬಾಯಿ ಬಿಟ್ಟಾಗಿದೆ ಅಂತ ಧೈರ್ಯ ಮಾಡಿ ಕೇಳಿದ. "ಹೆಂಗಿದೆ ವರ್ನ್? ನಾನು ಬರೆಯೋದು?"

ಅವಳು ಮೇಜುಬಟ್ಟೆಯ ಮೇಲಿನ ಬ್ರೆಡ್ಡಿನ ಪುಡಿಯನ್ನು ಅಂಗೈಯಿಂದ ಒಂದು ಕಡೆ ಗುಡ್ಡೆ ಮಾಡುತ್ತಾ, "ಯಾರೂ ಬರ್ಲಿಲ್ಲ," ಅಂದಳು. "ನೀನೇ ಇಳಿದು ಬಂದೆ. ನಿಂಗೆ ಕೇಳಿಸಿದ್ದು ನಿನ್ನ ಹೆಜ್ಜೇನೇ ಇರ್ಬೇಕು."

ಯೂಜೀನ್ ಲೋಟ ಕೆಳಗಿಟ್ಟ.

"ಶುಕ್ರವಾರ ಝಿಂಡಾರನ ಅಡುಗೆಮನೇಲಿ ನಾನೇ ಪಾತ್ರೆ ತೊಳೀತಿದ್ದಿದ್ದು. ಅದಕ್ಕೇ ತಾನೇ ಮನೇಲಿ ನಿನ್ನ ನೋಡೋರಿಲ್ಲ ಅಂತ ಅಪ್ಪ ನಿನ್ನನ್ನೂ ಪಿಕಪ್ಪಲ್ಲಿ ಹಾಕ್ಕೊಂಡು ಬರ್ತಿದ್ದಿದ್ದು. ಅಡುಗೆಮನೆಗೂ ಬಾರಿಗೂ ನಡುವೆ ತಟ್ಟೆ ಕೊಡೋಕೆ ಒಂದು ಕಿಂಡಿ ಇತ್ತು. ಅವತ್ತು ಅಪ್ಪನ ಮೀನಿನ ತಟ್ಟೆ ಕಿಂಡೀಲಿ ನಾನೇ ಕೈಗೆ ಕೊಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆಗೀತು, ನೀನು. ಕಂಬಳಿ ಎಳ್ಕೊಂಡು, ಮೂಗಿಂದ ಸಿಂಬಳ ಸುರಿಸ್ಕೊಂಡು. ಎಲ್ಲಾರೂ ತಿರುಗಿದ್ರು. ನೀನು ಸೀದಾ ಅಪ್ಪನ ಹತ್ರ ಹೋಗಿ ಅಂಗಿ ಎಳೆದು, 'ಮನೇಲಿ ವರ್ನ್ ಅಳ್ತಾ ಇದ್ದಾಳೆ, ಬಾ' ಅಂದೆ."

"ನೀನು ಕಿಂಡಿ ಹಿಂದೆ ಇದ್ದೆ," ಅಂದ ನಾರ್ಬ್.

"ಇದ್ದೆ. ಅಪ್ಪನಿಗೆ ಗೊತ್ತು. ಅಲ್ಲಿದ್ದೋರಿಗೆಲ್ಲಾ ಗೊತ್ತು, ಅರ್ಧ ಜನಕ್ಕೆ ನಾನೇ ತಟ್ಟೆ ಕೊಟ್ಟಿದ್ದೆ. ಒಬ್ಬನೂ ನಗ್ಲಿಲ್ಲ. ಅಪ್ಪ ಒಂದು ಗಳಿಗೆ ನಿನ್ನನ್ನೇ ನೋಡ್ದ. ಆಮೇಲೆ ಲೋಟ ಪಕ್ಕಕ್ಕಿಟ್ಟು, ಟೋಪಿ ಹಾಕ್ಕೊಂಡು, 'ಹೌದೇನೋ? ಹಂಗಾದ್ರೆ ನಾನು ಹೋಗ್ಬೇಕಪ್ಪಾ' ಅಂತ ಎಲ್ಲಾರಿಗೂ ಹೇಳಿ, ನಿನ್ನ ಎತ್ಕೊಂಡು ಹೊರಟ. ಆಮೇಲೂ ಕುಡೀತಿದ್ದ, ಇಲ್ಲ ಅನ್ನಲ್ಲ. ಆದ್ರೆ ನಿನ್ನನ್ನ ಮಾತ್ರ ಇನ್ಯಾವತ್ತೂ ಪಿಕಪ್ಪಲ್ಲಿ ಬಿಡ್ಲಿಲ್ಲ."

ಯೂಜೀನ್ ಮತ್ತೆ ಲೋಟಕ್ಕೆ ಕೈ ಹಾಕಿದ. "ಸ್ಟಾನ್‌ಗೆ ಏಳೋಕೆ ಒಂದು ನೆಪ ಬೇಕಾಗಿತ್ತೇನೋ. ಅಷ್ಟು ಜನರ ಮುಂದೆ ಸುಮ್ನೆ ಹೆಂಗೆ ಏಳ್ತಾನೆ ಗಂಡಸು?"

ರೋಲಂಡ್ ತನ್ನೊಳಗೆ ತಡಕಾಡಿದ. ಬಾಗಿಲು, ಅಂಗಿ, ಟೋಪಿ, ಅಪ್ಪನ ಹೆಗಲು, ಏನೂ ಸಿಗಲಿಲ್ಲ. ಬಿಳಿ ಗೋಡೆ ಹಾಗೇ ಇತ್ತು. ಬೇರೆ ದಿನವಾಗಿದ್ದರೆ ಹೊಟ್ಟೆ ಉರಿಯುತ್ತಿತ್ತು: ಬದುಕಿನ ಒಳ್ಳೆಯ ಕಥೆಯೇ ಕೈತಪ್ಪಿತು, ಅದೂ ಬೇರೆಯವರ ಬಾಯಲ್ಲಿ ಇಷ್ಟು ಚೆನ್ನಾಗಿ ಮುಗಿಯಿತು ಅಂತ. ಈಗ ಹಾಗಾಗಲಿಲ್ಲ. ಇಷ್ಟು ವರ್ಷ ಆ ತಣ್ಣನೆಯ ಸೀಟಿನ ಮೇಲೆ ಕೂತು ಯಾರಾದರೂ ಬರಲಿ ಅಂತ ಕಾಯುತ್ತಿದ್ದ ಹುಡುಗ ಕಾಯುತ್ತಲೇ ಇರಲಿಲ್ಲವಂತೆ. ಇಳಿದನಂತೆ. ಹೋಗಿ ಅಷ್ಟು ಗಂಡಸರ ನಡುವೆ ನಿಂತು ಬ್ರಹ್ಮಾಂಡದಂಥ ಸುಳ್ಳು ಬಿಟ್ಟು ಅಪ್ಪನನ್ನು ಎಬ್ಬಿಸಿಕೊಂಡು ಬಂದನಂತೆ. ಭಲೇ, ಅನ್ನಿಸಿತು. ಆ ಪೋರನ ಬೆನ್ನು ತಟ್ಟಬೇಕು ಅನ್ನಿಸಿತು. ಮೀನು ಈಗ ತಾನೇ ಒಳಗಿಳಿದು ಬೆಚ್ಚಗಾದ ಹಾಗಿತ್ತು.

"ಇದಕ್ಕೆ ಕೊನೆ ಇದೆ ನೋಡು!" ನಾರ್ಬ್ ಅಂದ. "ಇದನ್ನ ಬರಿ."

"ಅವನದಲ್ಲ ಅದು, ವರ್ನ್‌ದು," ಅಂದಳು ಆರ್ಡಿಸ್.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ವರ್ನ್?" ರೋಲಂಡ್ ಕೇಳಿದ.

"ನಿನ್ನನ್ನ ಒಂದು ಪ್ರಶ್ನೆ ಕೇಳ್ಬೇಕಾಗಿತ್ತು. ಪ್ರತಿ ಪುಸ್ತಕ ಬಂದಾಗ್ಲೂ ಅದರಲ್ಲಿ ಉತ್ತರ ಇರತ್ತೇನೋ ಅಂತ ಹುಡುಕ್ತಿದ್ದೆ. ಇರ್ತಿರ್ಲಿಲ್ಲ." ಪುಡಿಯ ಗುಡ್ಡೆಯನ್ನು ಅವಳು ಮತ್ತೆ ಹರಡಿದಳು. ಅವಳ ದನಿ ಬದಲಾದದ್ದು ಕೇಳಿ ನಾರ್ಬ್ ತಲೆ ಎತ್ತಿ ಹೆಂಡತಿಯನ್ನು ನೋಡಿದ. "ನೀನು ಹೇಳಿದ್ದು ಸುಳ್ಳು ಅಂತ ಎಲ್ಲಾರೂ ಅಂದ್ಕೊಂಡ್ರು. ಅಪ್ಪನೂ. ನಾನು ಆ ಕಿಂಡಿ ಹಿಂದೆ ತೊಟ್ಟಿಗೆ ತಲೆ ಬಗ್ಗಿಸ್ಕೊಂಡು ಅಳ್ತಾನೇ ಇದ್ದೆ ಕಣೋ. ನಲ್ಲಿ ಜೋರಾಗಿ ಬಿಟ್ಕೊಂಡು. ಯಾಕೆ ಅಂತ ಕೇಳ್ಬೇಡ, ಆ ವರ್ಷ ಪೂರ್ತಿ ಹಂಗೇ ಇತ್ತು. ಆದ್ರೆ ಒಬ್ಬರ ಮುಂದೆಯೂ ಅತ್ತೋಳಲ್ಲ ನಾನು. ನೀನು ಹೊರಗೆ ಪಿಕಪ್ಪಲ್ಲಿ ಇದ್ದೋನು. ನಿಂಗೆ ಹೆಂಗೆ ಗೊತ್ತಾಯ್ತು?"

ರೋಲಂಡನಿಗೆ ಬಾರು ನೆನಪಾಗಲಿಲ್ಲ, ಪಿಕಪ್ಪಿನ ಬಾಗಿಲೂ ನೆನಪಾಗಲಿಲ್ಲ. ಆದರೆ ಅವಳು ಕೇಳಿದ್ದಕ್ಕೆ ಉತ್ತರ ಯೋಚಿಸದೆಯೇ ನಾಲಿಗೆಯ ಮೇಲಿತ್ತು, ಆರು ತುಂಬದವನ ಉತ್ತರ. ಅದನ್ನು ಅವನು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ, ಬರೆಯುವಂಥದ್ದು ಅಂತ ಹೊಳೆದೂ ಇರಲಿಲ್ಲ.

"ಅವತ್ತಿಂದು ಗೊತ್ತಿರ್ಲಿಲ್ಲ ವರ್ನ್," ಅಂದ. "ನೀನು ದಿನಾ ಅಳ್ತಿದ್ದೆ. ನಿನ್ನ ರೂಮಿಗೂ ನಂದಕ್ಕೂ ನಡುವೆ ಒಂದು ಹಲಗೆ ಅಲ್ವಾ ಇದ್ದಿದ್ದು? ದೀಪ ಆರಿಸಿದ ಮೇಲೆ ಶುರು ಮಾಡ್ತಿದ್ದೆ. ನೀನು ನಿಲ್ಲಿಸೋವರೆಗೂ ನಾನು ಎದ್ದಿರ್ತಿದ್ದೆ."

ಲವರ್ನ್ ಅವನನ್ನೇ ನೋಡಿದಳು.

"ಯಾರಿಗೂ ಕೇಳಿಸ್ತಿಲ್ಲ ಅಂದ್ಕೊಂಡಿದ್ದೆ," ಅಂದಳು.

"ನಂಗೆ ಕೇಳಿಸ್ತಿತ್ತು."